ಮುರಿದು ನೋಡುವ ವಿದ್ಯೆ

ದೆಹಲಿಯ ಖಾರಿ ಬಾವಲಿಯ ಗಲ್ಲಿಗಳಲ್ಲಿ ಅಡ್ಡಾಡಿದವರಿಗೆ ಅಲ್ಲಿನ ಮೂಲಿಕೆ ವ್ಯಾಪಾರಿಗಳ ಒಂದು ಪದ್ಧತಿ ಪರಿಚಿತವಾಗಿರುತ್ತದೆ. ಜ್ಯೇಷ್ಠಮಧು ಬೇಕೆಂದರೆ ಅಂಗಡಿಯವನು ಮೊದಲು ಬೆಲೆ ಹೇಳುವುದಿಲ್ಲ. ಗೋಣಿಚೀಲದೊಳಗಿಂದ ಒಂದು ಕಡ್ಡಿಯನ್ನೆತ್ತಿ ಎರಡಾಗಿ ಮುರಿಯುತ್ತಾನೆ. ಒಳಗಿನ ಹಳದಿಯನ್ನೂ ನಾರುನಾರಾಗಿ ಕಿತ್ತುಬಂದ ಅಂಚನ್ನೂ ತೋರಿಸಿ, ಒಂದು ಚೂರನ್ನು ನಮ್ಮ ಅಂಗೈಗಿಟ್ಟು ಅಗಿದು ನೋಡಿ ಎನ್ನುತ್ತಾನೆ. ಬೆಂಗಳೂರಿನ ಗ್ರಂಧಿಗೆ ಅಂಗಡಿಗಳಲ್ಲಿಯೂ ಹೈದರಾಬಾದಿನ ಬೇಗಂ ಬಜಾರಿನಲ್ಲಿಯೂ ನಾವು ಕಂಡಿರುವುದು ಇದನ್ನೇ. ಅರ್ಧ ನಿಮಿಷದೊಳಗೆ ಅಲ್ಲಿ ನಾಲ್ಕು ಪರೀಕ್ಷೆಗಳು ಮುಗಿದಿರುತ್ತವೆ: ಬಣ್ಣ, ಮುರಿತ, ವಾಸನೆ, ರುಚಿ. ಔಷಧದ್ರವ್ಯಗಳನ್ನು ಗುರುತಿಸುವ ಶಾಸ್ತ್ರಕ್ಕೆ ಇಂದು ಫಾರ್ಮಕಾಗ್ನಸಿ ಎಂಬ ಹೆಸರಿದೆ. ಆ ಶಾಸ್ತ್ರದ ಪಠ್ಯಪುಸ್ತಕಗಳು ಕಚ್ಚಾ ಔಷಧದ ಪರೀಕ್ಷೆಯನ್ನು ಆರಂಭಿಸುವುದು ಸಹ ಈ ನಾಲ್ಕರಿಂದಲೇ.

ಹಾಗಿದ್ದರೆ ಕಳೆದ ಎರಡು ಶತಮಾನಗಳಲ್ಲಿ ಸೂಕ್ಷ್ಮದರ್ಶಕ, ಕುಲುಮೆ, ತಕ್ಕಡಿ, ಬೆಳಕನ್ನು ಅಳೆಯುವ ಉಪಕರಣಗಳು ಇಷ್ಟೆಲ್ಲ ಏಕೆ ಬೇಕಾದವು? ನಾಲಿಗೆ ಮತ್ತು ಕಣ್ಣು ಮಂದವಾದವು ಎಂದಲ್ಲ. ಬೇರನ್ನು ಅಗೆದವನಿಗೂ ಅದರ ಕಷಾಯ ಕುಡಿಯುವವನಿಗೂ ನಡುವಿನ ದೂರ ಹೆಚ್ಚಿತು, ಅದಕ್ಕೆ. ಪರಸ್ಪರ ಮುಖ ನೋಡದ ಇಬ್ಬರು ಒಂದೇ ವಸ್ತುವಿನ ಬಗ್ಗೆ ಒಪ್ಪಂದಕ್ಕೆ ಬರಬೇಕಾದರೆ ಇಬ್ಬರಿಗೂ ಸೇರದ, ಆದರೆ ಇಬ್ಬರೂ ನಂಬಬಹುದಾದ ಸಾಕ್ಷಿಯೊಂದು ಬೇಕಾಗುತ್ತದೆ. ಕಚ್ಚಾ ಔಷಧಗಳ ಭೌತಿಕ ಪರೀಕ್ಷೆಯ ಇತಿಹಾಸವೆಂದರೆ ಅಂಥ ಸಾಕ್ಷಿಗಳನ್ನು ಹುಡುಕಿದ ಇತಿಹಾಸ. ಆ ಸಾಕ್ಷಿಗಳು ಎಲ್ಲಿಯವರೆಗೆ ನುಡಿಯಬಲ್ಲವು, ಎಲ್ಲಿ ಮೌನವಾಗುತ್ತವೆ ಎಂಬುದನ್ನು ನೋಡುವುದು ಈ ಬರಹದ ಉದ್ದೇಶ.

ನೀರಿಗೆ ಪಕ್ಷಪಾತವಿಲ್ಲ

ಚರಕಸಂಹಿತೆಯ ಮೊದಲ ಅಧ್ಯಾಯದಲ್ಲಿಯೇ ಒಂದು ವಿನಯದ ಮಾತಿದೆ. ಕಾಡಿನಲ್ಲಿ ಆಡು, ಕುರಿ, ದನ ಕಾಯುವವರು ಗಿಡಮೂಲಿಕೆಗಳ ಹೆಸರನ್ನೂ ರೂಪವನ್ನೂ ಬಲ್ಲರು ಎಂದು ಸಂಹಿತೆ ಒಪ್ಪಿಕೊಳ್ಳುತ್ತದೆ. ಆದರೆ ಹೆಸರು ಮತ್ತು ರೂಪದ ಅರಿವು ಮಾತ್ರದಿಂದ ಔಷಧದ ಅರಿವು ಪೂರ್ಣವಾಗದು ಎಂದೂ ಸೇರಿಸುತ್ತದೆ. ದ್ರವ್ಯವನ್ನು ಪರೀಕ್ಷಿಸುವಾಗ ಅದು ಯಾವ ನೆಲದಲ್ಲಿ ಬೆಳೆಯಿತು, ಯಾವ ಋತುವಿನಲ್ಲಿ ಕಿತ್ತರು, ಹೇಗೆ ಶೇಖರಿಸಿಟ್ಟರು ಎಂಬುದನ್ನೆಲ್ಲ ವಿಚಾರಿಸಬೇಕೆಂದು ವಿಮಾನಸ್ಥಾನ ವಿಧಿಸುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಈ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲವನು ಕಿತ್ತವನೇ. ಅಂದರೆ ವೈದ್ಯನಿಗೂ ಕಿತ್ತವನಿಗೂ ಮಾತುಕತೆ ಇದೆ ಎಂಬ ನಂಬಿಕೆಯ ಮೇಲೆ ಆ ಪರೀಕ್ಷೆ ನಿಂತಿದೆ.

16ನೆಯ ಶತಮಾನದ ಭಾವಮಿಶ್ರನ ಭಾವಪ್ರಕಾಶಕ್ಕೆ ಬರುವ ಹೊತ್ತಿಗೆ ಬೇರೊಂದು ಬಗೆಯ ಪರೀಕ್ಷೆಯೂ ಕಾಣಿಸುತ್ತದೆ. ಒಳ್ಳೆಯ ಅಳಲೆಕಾಯಿ ಯಾವುದು? ಹೊಸತಾಗಿರಬೇಕು, ಜಿಡ್ಡಿನಂಶ ಉಳಿದಿರಬೇಕು, ಗಟ್ಟಿಯಾಗಿ ದುಂಡಾಗಿ ಭಾರವಾಗಿರಬೇಕು. ನೀರಿಗೆ ಹಾಕಿದರೆ ಮುಳುಗಬೇಕು. ಕಾಯಿಗೆ ಇಷ್ಟು ತೂಕವಿದ್ದರೆ ಉತ್ತಮವೆಂಬ ಅಳತೆಯೂ ಅಲ್ಲಿದೆ. ಹುಳು ಕೊರೆದ ಕಾಯಿಯೊಳಗೆ, ಒಣಗಿ ಟೊಳ್ಳಾದ ಕಾಯಿಯೊಳಗೆ ಗಾಳಿ ತುಂಬಿಕೊಂಡಿರುತ್ತದೆ, ಆದ್ದರಿಂದ ತೇಲುತ್ತದೆ. ತಿರುಳು ತುಂಬಿದ ಕಾಯಿ ತಳ ಸೇರುತ್ತದೆ. ಇಂದಿನ ಭಾಷೆಯಲ್ಲಿ ಇದು ಸಾಪೇಕ್ಷ ಸಾಂದ್ರತೆಯ ಪರೀಕ್ಷೆ. ಲವಂಗಕ್ಕೂ ಇಂಥದೇ ಒಂದು ಪರೀಕ್ಷೆ ಈಗಲೂ ಪಠ್ಯಗಳಲ್ಲಿದೆ. ಎಣ್ಣೆ ತುಂಬಿದ ಲವಂಗ ನೀರಿನಲ್ಲಿ ಮುಳುಗುತ್ತದೆ, ಇಲ್ಲವೇ ತಲೆ ಮೇಲಾಗಿ ನೆಟ್ಟಗೆ ನಿಲ್ಲುತ್ತದೆ. ಬಟ್ಟಿ ಇಳಿಸಿ ಎಣ್ಣೆ ತೆಗೆದು ಮತ್ತೆ ಮಾರಾಟಕ್ಕಿಟ್ಟ ಲವಂಗ ಅಡ್ಡಡ್ಡ ಮಲಗಿ ತೇಲುತ್ತದೆ.

ರುಚಿಗೂ ಈ ಮುಳುಗುವಿಕೆಗೂ ಒಂದು ಮುಖ್ಯ ವ್ಯತ್ಯಾಸವಿದೆ. ಕಹಿ ಸಾಕಷ್ಟಿದೆಯೇ ಎಂಬ ಬಗ್ಗೆ ಮಾರುವವನೂ ಕೊಳ್ಳುವವನೂ ದಿನವಿಡೀ ವಾದಿಸಬಹುದು. ತಂಬಿಗೆಯ ನೀರಿನಲ್ಲಿ ಕಾಯಿ ಮುಳುಗಿತೋ ತೇಲಿತೋ ಎಂಬ ಬಗ್ಗೆ ವಾದವಿಲ್ಲ. ತೀರ್ಪು ಕೊಡುವ ಅಧಿಕಾರ ಮನುಷ್ಯನ ನಾಲಿಗೆಯಿಂದ ನೀರಿಗೆ ದಾಟಿತು. ನೀರಿಗೆ ಮಾರುವವನ ಲಾಭದಲ್ಲಿ ಪಾಲಿಲ್ಲ, ರೋಗಿಯ ಭಯವೂ ಇಲ್ಲ. ಮುಂದೆ ಬಂದ ಉಪಕರಣಗಳೆಲ್ಲವೂ ಈ ತಂಬಿಗೆಯ ನೀರಿನ ವಂಶದವೇ.

ಕಹಿಯನ್ನು ನಿರೀಕ್ಷಿಸಿದ ನಾಲಿಗೆ

ನಾಲಿಗೆ ಎಲ್ಲಿ ಸೋಲುತ್ತದೆ ಎಂಬುದಕ್ಕೆ 19ನೆಯ ಶತಮಾನದ ಆರಂಭದ ಒಂದು ಪ್ರಕರಣ ಸಾಕು. ದಕ್ಷಿಣ ಅಮೆರಿಕದ ಓರಿನೋಕೊ ನದಿಯ ದಂಡೆಯ ಅಂಗೊಸ್ತುರ ಎಂಬ ಪಟ್ಟಣದ ಹೆಸರಿನಿಂದ ಒಂದು ಕಹಿ ತೊಗಟೆ ಯುರೋಪಿನ ಔಷಧದ ಅಂಗಡಿಗಳಿಗೆ ಬರುತ್ತಿತ್ತು. ಜ್ವರಕ್ಕೂ ಅಜೀರ್ಣಕ್ಕೂ ಅದನ್ನು ಕೊಡುತ್ತಿದ್ದರು. ಕೆಲ ಕಾಲದ ಮೇಲೆ ಅದನ್ನು ಸೇವಿಸಿದವರಲ್ಲಿ ಕೆಲವರಿಗೆ ಸ್ನಾಯುಗಳು ಸೆಟೆದುಕೊಂಡು ವಿಷಪ್ರಾಶನದ ಲಕ್ಷಣಗಳು ಕಾಣಿಸಿದವು. ಅಂಗೊಸ್ತುರದ ಹೆಸರಿನಲ್ಲಿ ಬೇರೆ ಯಾವುದೋ ಮರದ ತೊಗಟೆ ಸೇರಿಕೊಂಡಿದೆ ಎಂಬುದು ಸ್ಪಷ್ಟವಾಯಿತು. ಆ ಸುಳ್ಳು ತೊಗಟೆ ಇಥಿಯೋಪಿಯದ ಬ್ರೂಸಿಯ ಎಂಬ ಗಿಡದ್ದಿರಬೇಕೆಂದು ವಿದ್ವಾಂಸರು ಊಹಿಸಿದರು. ಆ ಗಿಡಕ್ಕೆ ಆ ಹೆಸರು ಬಂದದ್ದು ಅಲ್ಲಿ ಸಂಚರಿಸಿದ್ದ ಸ್ಕಾಟ್ಲೆಂಡಿನ ಜೇಮ್ಸ್ ಬ್ರೂಸ್‌ನಿಂದ.

1819ರಲ್ಲಿ ಪ್ಯಾರಿಸಿನ ಪೆಲ್ತಿಯೇ ಮತ್ತು ಕಾವಾಂತೂ ಎಂಬ ಇಬ್ಬರು ರಸಾಯನಜ್ಞರು ಈ ಸುಳ್ಳು ತೊಗಟೆಯಿಂದ ಒಂದು ಕ್ಷಾರವಸ್ತುವನ್ನು ಬೇರ್ಪಡಿಸಿ, ಊಹೆಯ ಗಿಡದ ಹೆಸರನ್ನೇ ಅದಕ್ಕಿಟ್ಟು ಬ್ರೂಸಿನ್ ಎಂದು ಕರೆದರು. ಊಹೆ ತಪ್ಪಾಗಿತ್ತು. ಆ ತೊಗಟೆ ಬ್ರೂಸಿಯದ್ದಲ್ಲ, ಕಾಸರಕದ ಮರದ್ದು: ನಮ್ಮ ಕರಾವಳಿಯ ಮತ್ತು ಪಶ್ಚಿಮ ಘಟ್ಟದ ತಪ್ಪಲಿನ ಕಾಡುಗಳಲ್ಲಿ ಬೆಳೆಯುವ, ಬೀಜದಲ್ಲಿ ಸ್ಟ್ರಿಕ್ನಿನ್ ಎಂಬ ಘೋರ ವಿಷವನ್ನಿಟ್ಟುಕೊಂಡ ಅದೇ ಕಾಸರಕ. ಈ ತಪ್ಪು ಗೊತ್ತಾದ ಮೇಲೆಯೂ ಹೆಸರು ಬದಲಾಗಲಿಲ್ಲ. ಕಾಸರಕದಲ್ಲಿರುವ ವಸ್ತುವೊಂದು, ಕಾಸರಕಕ್ಕೆ ಯಾವ ಸಂಬಂಧವೂ ಇಲ್ಲದ ಗಿಡದ ಹೆಸರನ್ನು ಹೊತ್ತುಕೊಂಡು ಇಂದಿಗೂ ಎಲ್ಲ ರಸಾಯನಶಾಸ್ತ್ರದ ಪುಸ್ತಕಗಳಲ್ಲಿದೆ. ಅದೇ ಕಾಸರಕದ ತೊಗಟೆ ಕಲ್ಕತ್ತೆಯ ಬಜಾರಿನಲ್ಲಿ ರೋಹನ್ ಎಂಬ ನಿರಪಾಯಕಾರಿ ತೊಗಟೆಯ ಹೆಸರಿನಲ್ಲಿ ಮಾರಾಟವಾಗುತ್ತಿತ್ತೆಂಬುದನ್ನು ಅಲ್ಲಿನ ಮೆಡಿಕಲ್ ಕಾಲೇಜಿನ ಓಶಾನೆಸ್ಸಿ ದಾಖಲಿಸಿದ.

ಇಲ್ಲಿ ನಾಲಿಗೆಗೆ ಆದದ್ದೇನು? ಅಂಗೊಸ್ತುರ ತೊಗಟೆ ಕಹಿ. ಕಾಸರಕದ ತೊಗಟೆಯೂ ಕಹಿ, ಅದಕ್ಕಿಂತ ಹೆಚ್ಚು ಕಹಿ. ಕಹಿಯನ್ನು ನಿರೀಕ್ಷಿಸಿದ ನಾಲಿಗೆಗೆ ಕಹಿ ಸಿಕ್ಕಿತು, ಅದು ತೃಪ್ತವಾಯಿತು. ಮೂಗು ಎಚ್ಚರವಾಗಿದ್ದಿದ್ದರೆ ವ್ಯತ್ಯಾಸ ತಿಳಿಯಬಹುದಿತ್ತು, ಏಕೆಂದರೆ ಅಪ್ಪಟ ತೊಗಟೆಗೆ ತನ್ನದೇ ಒಂದು ಮುಗ್ಗಲು ವಾಸನೆಯಿದೆ, ಕಾಸರಕದ ತೊಗಟೆಗೆ ವಾಸನೆಯೇ ಇಲ್ಲವೆನ್ನಬಹುದು. ಆದರೆ ಪ್ಯಾರಿಸಿನ ಅಂಗಡಿಯವನು ಓರಿನೋಕೊದ ಮರವನ್ನೂ ನೋಡಿದವನಲ್ಲ, ಮಲಬಾರಿನ ಮರವನ್ನೂ ನೋಡಿದವನಲ್ಲ. ಮರವನ್ನು ನೋಡದವನ ಇಂದ್ರಿಯಗಳಿಗೆ ಹೋಲಿಸಿಕೊಳ್ಳಲು ನೆನಪೇ ಇರುವುದಿಲ್ಲ.

ಪುಡಿಯೊಳಗಿನ ರೂಪ

ಇಡೀ ಬೇರು, ಇಡೀ ತೊಗಟೆ ಇದ್ದಾಗಲೇ ಹೀಗಾದರೆ, ಬೀಸಿ ಪುಡಿ ಮಾಡಿದ ಮೇಲೆ ಗತಿಯೇನು? ಮುರಿಯಲು ಕಡ್ಡಿಯಿಲ್ಲ, ನೋಡಲು ಅಂಚಿಲ್ಲ. ಈ ಕಷ್ಟಕ್ಕೆ ಉತ್ತರ ಸಿಕ್ಕಿದ್ದು ಸೂಕ್ಷ್ಮದರ್ಶಕದಿಂದ. ಗಿಡದ ದೇಹವೆಲ್ಲ ಜೀವಕೋಶಗಳಿಂದಾದದ್ದೆಂದು ಪ್ರತಿಪಾದಿಸಿದ ಜರ್ಮನಿಯ ಶ್ಲೈಡನ್, 1840ರ ದಶಕದಲ್ಲಿ ಸಾರ್ಸಪರಿಲ್ಲ ಬೇರಿನ ಬೇರೆ ಬೇರೆ ತಳಿಗಳನ್ನು ಅವುಗಳ ಅಡ್ಡಸೀಳಿನ ಕೋಶಗಳ ಆಕಾರದಿಂದಲೇ ಬೇರ್ಪಡಿಸಬಹುದೆಂದು ತೋರಿಸಿದ. ಬರಿಗಣ್ಣಿಗೆ ಒಂದೇ ಆಗಿ ಕಾಣುವ ಬೇರುಗಳು ಮಸೂರದ ಕೆಳಗೆ ತಮ್ಮ ತಮ್ಮ ಊರನ್ನು ಹೇಳಿದವು.

ಈ ವಿದ್ಯೆಯನ್ನು ಸಾರ್ವಜನಿಕರ ಮುಂದೆ ತಂದವನು ಲಂಡನ್ನಿನ ವೈದ್ಯ ಆರ್ಥರ್ ಹಿಲ್ ಹ್ಯಾಸಲ್. ಅವನ ಕಥೆ ಆರಂಭವಾಗುವುದು ನಮಗೆ ಪ್ರಿಯವಾದ ವಸ್ತುವಿನಿಂದಲೇ. ಕಾಫಿಪುಡಿಗೆ ಚಿಕೋರಿ ಬೆರೆಸಿದ್ದನ್ನು ಪತ್ತೆಹಚ್ಚುವ ಉಪಾಯವೇ ಇಲ್ಲವೆಂದು ರಸಾಯನಜ್ಞರ ಅಭಿಪ್ರಾಯವನ್ನಾಧರಿಸಿ ಬ್ರಿಟನ್ನಿನ ಅರ್ಥಮಂತ್ರಿ ಸಂಸತ್ತಿನಲ್ಲಿ ಹೇಳಿದ್ದ. ಹ್ಯಾಸಲ್ ಪುಡಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟ. ಕಾಫಿಬೀಜದ ಕೋಶಗಳೇ ಬೇರೆ, ಚಿಕೋರಿ ಬೇರಿನ ನಾಳಗಳೇ ಬೇರೆ. ಹುರಿದರೂ ಬೀಸಿದರೂ ಆ ರೂಪ ಅಳಿದಿರಲಿಲ್ಲ. 1851ರಿಂದ 1854ರವರೆಗೆ ಲ್ಯಾನ್ಸೆಟ್ ಪತ್ರಿಕೆಯ ಪರವಾಗಿ ಅವನು ಲಂಡನ್ನಿನ ಅಂಗಡಿಗಳಿಂದ ಕೊಂಡುತಂದ ಆಹಾರವಸ್ತುಗಳನ್ನೂ ಔಷಧಗಳನ್ನೂ ಹೀಗೆಯೇ ಪರೀಕ್ಷಿಸಿ, ಮಾರಿದವರ ಹೆಸರು ವಿಳಾಸಗಳೊಂದಿಗೆ ಪ್ರಕಟಿಸಿದ. 1860ರಲ್ಲಿ ಬ್ರಿಟನ್ ಕಲಬೆರಕೆ ವಿರೋಧಿ ಕಾಯಿದೆಯನ್ನು ತಂದುದರ ಹಿಂದೆ ಈ ವರದಿಗಳ ಒತ್ತಡವಿತ್ತು. ಅದಕ್ಕೂ ಮುನ್ನ 1848ರಲ್ಲಿ ಅಮೆರಿಕ, ಬಂದರುಗಳಲ್ಲಿ ಇಳಿಯುವ ಔಷಧಗಳನ್ನು ಪರೀಕ್ಷಿಸುವ ಕಾನೂನನ್ನು ಮಾಡಿತ್ತು. ಮೆಕ್ಸಿಕೊ ಯುದ್ಧದಲ್ಲಿ ಸೈನಿಕರಿಗೆ ಕೊಟ್ಟ ಔಷಧಗಳು ನಿಸ್ಸತ್ವವಾಗಿದ್ದವೆಂಬ ಆಕ್ರೋಶ ಅದಕ್ಕೆ ಹಿನ್ನೆಲೆಯಾಗಿತ್ತು.

ಸೂಕ್ಷ್ಮದರ್ಶಕ ಯಾವ ವಸ್ತು ಎಂದು ಹೇಳಿತು. ಎಷ್ಟು ಎಂದು ಹೇಳಲು 20ನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ವಾಲಿಸ್ ಒಂದು ಸರಳ ಉಪಾಯವನ್ನು ರೂಪಿಸಿದ. ಲೈಕೋಪೋಡಿಯಂ ಎಂಬ ಪಾಚಿಯಂಥ ಸಸ್ಯದ ಬೀಜಕಣಗಳು ಎಲ್ಲವೂ ಹೆಚ್ಚುಕಡಿಮೆ ಒಂದೇ ಗಾತ್ರದವು. ಒಂದು ಮಿಲಿಗ್ರಾಂಗೆ ಸುಮಾರು 94,000 ಕಣಗಳು. ಪರೀಕ್ಷಿಸಬೇಕಾದ ಪುಡಿಯೊಂದಿಗೆ ಗೊತ್ತಿರುವ ತೂಕದ ಲೈಕೋಪೋಡಿಯಂ ಬೆರೆಸಿ, ಮಸೂರದಡಿ ಎರಡನ್ನೂ ಎಣಿಸಿದರೆ, ಆ ಪ್ರಮಾಣದಿಂದ ಪುಡಿಯಲ್ಲಿ ಎಷ್ಟು ಪಿಷ್ಟಕಣಗಳಿವೆ ಎಂದು ಲೆಕ್ಕ ಹಾಕಬಹುದು. ಅಪ್ಪಟ ಒಣಶುಂಠಿಯ ಪುಡಿಯಲ್ಲಿ ಮಿಲಿಗ್ರಾಂಗೆ ಸುಮಾರು 2,86,000 ಪಿಷ್ಟಕಣಗಳು. ಮಾರುಕಟ್ಟೆಯ ಪುಡಿಯಲ್ಲಿ ಅದರ ಅರ್ಧವಷ್ಟೇ ಸಿಕ್ಕರೆ ಉಳಿದರ್ಧ ಶುಂಠಿಯಲ್ಲ. ಪುಡಿಯಾದ ವಸ್ತುವಿಗೂ ಲೆಕ್ಕಪತ್ರ ಒಪ್ಪಿಸುವ ಹೊಣೆ ಬಂದಿತು.

ಹೆಸರಿನ ಗೊಂದಲ

ಇದೇ ಕಾಲದಲ್ಲಿ ಭಾರತದಲ್ಲಿ ಆಗಬೇಕಾದ ಕೆಲಸ ಬೇರೆಯಾಗಿತ್ತು. ಪರೀಕ್ಷೆಗೆ ಮೊದಲು ಹೆಸರು ಇತ್ಯರ್ಥವಾಗಬೇಕಿತ್ತು. 1844ರಲ್ಲಿ ಓಶಾನೆಸ್ಸಿಯ ಬೆಂಗಾಲ್ ಫಾರ್ಮಕೋಪಿಯ ಬಂದಿತು. 1868ರಲ್ಲಿ ವೇರಿಂಗ್ ಸಂಪಾದಿಸಿದ ಫಾರ್ಮಕೋಪಿಯ ಆಫ್ ಇಂಡಿಯ, ಮರುವರ್ಷವೇ ಅದಕ್ಕೆ ಮದರಾಸಿನ ಮೊಹಿದೀನ್ ಷರೀಫ್ ಬರೆದ ಅನುಬಂಧ. ಈ ಅನುಬಂಧದ ಹೆಚ್ಚುಗಾರಿಕೆಯೆಂದರೆ ಒಂದೊಂದು ಮೂಲಿಕೆಗೂ ಕನ್ನಡವೂ ಸೇರಿದಂತೆ ದೇಶದ ಹಲವು ಭಾಷೆಗಳ ಹೆಸರುಗಳನ್ನು ಬಿಡಿಸಿ ಕೊಟ್ಟಿರುವುದು. ಬಳಿಕ 1889ರಿಂದ 1893ರವರೆಗೆ ಫಾರ್ಮಕೋಗ್ರಾಫಿಯ ಇಂಡಿಕ ಸಂಪುಟಗಳು ಹೊರಬಂದವು. ಅದರ ಮೂವರು ಕರ್ತೃಗಳಲ್ಲಿ ಡೈಮಕ್ ಮುಂಬಯಿಯ ಸರ್ಕಾರಿ ಔಷಧ ಉಗ್ರಾಣದವನು, ವಾರ್ಡನ್ ಕಲ್ಕತ್ತೆಯ ಮೆಡಿಕಲ್ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ, ಹೂಪರ್ ಉದಕಮಂಡಲದ ಸಿಂಕೋನ ತೋಟಗಳಿಗೆ ಸಂಬಂಧಿಸಿದ ಸರ್ಕಾರಿ ರಸಾಯನಜ್ಞ. ಬಜಾರು, ಪ್ರಯೋಗಶಾಲೆ ಮತ್ತು ತೋಟ ಮೂರೂ ಒಂದೇ ಗ್ರಂಥದಲ್ಲಿ ಸೇರಿದ್ದು ಹೀಗೆ.

ಹೆಸರಿನ ಈ ಕೆಲಸ ಎಷ್ಟು ಅಗತ್ಯವಾಗಿತ್ತೆಂಬುದು ಹೊರನಾಡಿನಲ್ಲಿರುವ ನಮ್ಮಂಥವರಿಗೆ ಅನುಭವದಿಂದಲೇ ತಿಳಿಯುತ್ತದೆ. ಮೈಸೂರು ಸೀಮೆಯ ಮನೆಗಳಲ್ಲಿ ಬ್ರಾಹ್ಮಿ ಎಂದರೆ ಬಹುಪಾಲು ಒಂದೆಲಗ, ತಂಬುಳಿಗೆ ಹಾಕುವ ದುಂಡನೆಯ ಎಲೆ. ದೆಹಲಿಯ ಅಂಗಡಿಯಲ್ಲಿ ಬ್ರಾಹ್ಮಿ ಕೇಳಿದರೆ ನೀರುಬ್ರಾಹ್ಮಿ ಸಿಗುವ ಸಂಭವವೇ ಹೆಚ್ಚು. ಅದರ ಕುಲವೇ ಬೇರೆ. ರಾಸ್ನಾ ಎಂದರೆ ದಕ್ಷಿಣದಲ್ಲಿ ಶುಂಠಿಯ ಬಳಗದ ದುಂಪರಾಸ್ಮೆಯ ಗೆಡ್ಡೆ. ಉತ್ತರದಲ್ಲಿ ಅದು ಸೇವಂತಿಗೆಯ ಬಳಗದ ಒಂದು ಗಿಡ. ಶಂಖಪುಷ್ಪಿಯ ಕಥೆಯೂ ಹೀಗೆಯೇ. ಇಲ್ಲಿ ಯಾರೂ ಮೋಸ ಮಾಡುತ್ತಿಲ್ಲ. ಕೊಡುವವನೂ ಪ್ರಾಮಾಣಿಕ, ಕೊಳ್ಳುವವನೂ ಪ್ರಾಮಾಣಿಕ. ವಸ್ತು ಮಾತ್ರ ಬೇರೆ. ಕಲಬೆರಕೆಗಿಂತ ಇದು ಸೂಕ್ಷ್ಮವಾದ ಅಪಾಯ, ಏಕೆಂದರೆ ಇದರಲ್ಲಿ ಅನುಮಾನಕ್ಕೆ ಕಾರಣವೇ ಇರುವುದಿಲ್ಲ.

ಬೆಂಕಿ ಮತ್ತು ತಕ್ಕಡಿ

ಹೆಸರು ನಿಶ್ಚಯವಾದ ಮೇಲೆ ಬರುವ ಪ್ರಶ್ನೆ, ವಸ್ತು ಶುದ್ಧವಾಗಿದೆಯೇ, ಸತ್ವ ಉಳಿದಿದೆಯೇ ಎಂಬುದು. ಇದಕ್ಕೆ ರೂಪುಗೊಂಡ ಪರೀಕ್ಷೆಗಳು ನೋಡಲು ಅತಿ ಸಾಧಾರಣ. ಮೂಲಿಕೆಯನ್ನು ನಿಗದಿತ ಉಷ್ಣತೆಯಲ್ಲಿ ಒಣಗಿಸಿ ತೂಗಿದರೆ ಕಳೆದುಹೋದ ತೇವಾಂಶ ಎಷ್ಟೆಂದು ತಿಳಿಯುತ್ತದೆ. ತೇವ ಹೆಚ್ಚಾದರೆ ಕೊಳ್ಳುವವನು ನೀರಿಗೆ ಹಣ ಕೊಟ್ಟಂತೆ, ಮೇಲಾಗಿ ಬೂಷ್ಟು ಹಿಡಿಯುತ್ತದೆ. ಮೂಲಿಕೆಯನ್ನು ಮೂಸೆಯಲ್ಲಿಟ್ಟು ಸುಟ್ಟರೆ ಗಿಡದ ಭಾಗವೆಲ್ಲ ಹೊಗೆಯಾಗಿ ಹೋಗಿ ಖನಿಜಾಂಶ ಬೂದಿಯಾಗಿ ಉಳಿಯುತ್ತದೆ. ಪ್ರತಿ ಗಿಡಕ್ಕೂ ತನ್ನದೇ ಒಂದು ಸಹಜ ಬೂದಿಯ ಮಿತಿಯಿದೆ. ಅದನ್ನು ಮೀರಿದರೆ ಮಣ್ಣೋ ಮರಳೋ ಸೀಮೆಸುಣ್ಣವೋ ಸೇರಿದೆ ಎಂದರ್ಥ. ಇಂಗಿಗೆ ಮಣ್ಣು, ಜಿಪ್ಸಂ ಬೆರೆಸುವ ಹಳೆಯ ಚಾಳಿಗೆ ಈ ಬೂದಿಯೇ ಸಾಕ್ಷಿ.

ಆದರೆ ಬೂದಿಯ ಒಟ್ಟು ತೂಕವೊಂದೇ ಸಾಲದೆಂಬುದು ಬೇಗನೆ ಅರಿವಾಯಿತು. ಔಷಧಕ್ಕೆ ಬಳಸುವ ರೇವಲಚಿನ್ನಿಯ ಬೇರಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳು ಸಹಜವಾಗಿಯೇ ಬಹಳ. ಅದೂ ಬೇರಿನಿಂದ ಬೇರಿಗೆ ಬದಲಾಗುತ್ತದೆ. ಹೀಗಿರುವಾಗ ಹೆಚ್ಚಿನ ಬೂದಿ ಕಲಬೆರಕೆಯದ್ದೋ ಸ್ವಭಾವದ್ದೋ? ಪರಿಹಾರವೆಂದರೆ ಬೂದಿಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸುವುದು. ಹರಳಿನಿಂದ ಬಂದ ಸುಣ್ಣ ಕರಗಿಹೋಗುತ್ತದೆ, ಮರಳು ಕರಗುವುದಿಲ್ಲ. ಉಳಿದದ್ದನ್ನು ತೂಗಿದರೆ ನೆಲದಿಂದ ಬಂದ ಕೊಳೆ ಎಷ್ಟೆಂಬುದು ಗೊತ್ತಾಗುತ್ತದೆ. ಇದಕ್ಕೆ ವ್ಯತಿರಿಕ್ತವಾದ ಇನ್ನೊಂದು ಪರೀಕ್ಷೆಯೂ ಇದೆ: ನೀರಿನಲ್ಲಿ ಕರಗುವ ಬೂದಿ. ಒಮ್ಮೆ ಸಾರ ಹಿಂಡಿ ತೆಗೆದ ಶುಂಠಿಯನ್ನು ಒಣಗಿಸಿ ಮತ್ತೆ ಮಾರಿದರೆ ಕಣ್ಣಿಗೆ ಅದು ಶುಂಠಿಯೇ, ಸೂಕ್ಷ್ಮದರ್ಶಕಕ್ಕೂ ಶುಂಠಿಯೇ. ಆದರೆ ನೀರಿನೊಂದಿಗೆ ಹೊರಟುಹೋದ ಲವಣಗಳು ಹಿಂದಿರುಗಿ ಬರುವುದಿಲ್ಲವಾದ್ದರಿಂದ ಕರಗುವ ಬೂದಿ ಕಡಿಮೆಯಾಗಿ ಗುಟ್ಟು ರಟ್ಟಾಗುತ್ತದೆ.

ಇಸಬಗೋಲಿನ ಪರೀಕ್ಷೆ ಇನ್ನೂ ಸರಳ. ಅದರ ಗುಣವಿರುವುದೇ ನೀರು ಹೀರಿ ಉಬ್ಬುವುದರಲ್ಲಿ. ಹಾಗಾಗಿ ಅಳತೆಯ ಗಾಜಿನ ಕೊಳವೆಯಲ್ಲಿ ನೆನೆಸಿಟ್ಟು, ಗ್ರಾಂಗೆ ಎಷ್ಟು ಮಿಲಿಲೀಟರಿನಷ್ಟು ಜಾಗ ಹಿಡಿಯಿತೆಂದು ನೋಡಿದರಾಯಿತು. ಬ್ರಿಟಿಷ್ ಫಾರ್ಮಕೋಪಿಯದ ಪ್ರಕಾರ ಇಸಬಗೋಲಿನ ಬೀಜಕ್ಕೆ ಅದು ಕನಿಷ್ಠ 9, ಹೊಟ್ಟಿಗೆ ಕನಿಷ್ಠ 40 ಇರಬೇಕು. ರಾತ್ರಿ ಲೋಟದಲ್ಲಿ ನೆನೆಸಿಟ್ಟು ಬೆಳಿಗ್ಗೆ ನೋಡುವ ಗೃಹಿಣಿ ಮಾಡುವುದು ಇದೇ ಪರೀಕ್ಷೆಯನ್ನು. ಅವಳ ಲೋಟಕ್ಕೆ ಗೆರೆಗಳಿಲ್ಲ, ಅಷ್ಟೇ ವ್ಯತ್ಯಾಸ.

ಗಂಧದೆಣ್ಣೆ ತಿರುಗಿಸಿದ ಬೆಳಕು

1815ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಬಿಯೋ ಒಂದು ವಿಚಿತ್ರವನ್ನು ಕಂಡ. ಒಂದೇ ಸಮತಲದಲ್ಲಿ ಕಂಪಿಸುವಂತೆ ಮಾಡಿದ ಬೆಳಕನ್ನು ಟರ್ಪೆಂಟೈನ್‌ನಂಥ ಸಸ್ಯಜನ್ಯ ಎಣ್ಣೆಗಳ ಮೂಲಕ ಹಾಯಿಸಿದರೆ ಆ ಸಮತಲ ಎಡಕ್ಕೋ ಬಲಕ್ಕೋ ತಿರುಗುತ್ತಿತ್ತು. ತಿರುಗುವ ಕೋನ ಎಣ್ಣೆಯ ಸ್ವಭಾವಕ್ಕೆ ತಕ್ಕಂತೆ ಬದಲಾಗುತ್ತಿತ್ತು. ಶುದ್ಧ ಭೌತಶಾಸ್ತ್ರದ ಈ ಕುತೂಹಲ ಮುಂದೆ ವ್ಯಾಪಾರದ ಅಳತೆಗೋಲಾಯಿತು, ಮತ್ತು ಒಂದು ಶತಮಾನದ ಬಳಿಕ ನಮ್ಮ ಮೈಸೂರಿನವರೆಗೂ ಬಂದಿತು.

ಗಂಧದೆಣ್ಣೆ ಆಗ ಕೇವಲ ಸುಗಂಧವಸ್ತುವಾಗಿರಲಿಲ್ಲ. ಪ್ರತಿಜೈವಿಕಗಳಿಲ್ಲದ ಆ ಕಾಲದಲ್ಲಿ ಮೂತ್ರನಾಳದ ಸೋಂಕುಗಳಿಗೆ ಕೊಡುವ ಔಷಧವಾಗಿ ಬ್ರಿಟಿಷ್ ಫಾರ್ಮಕೋಪಿಯದಲ್ಲಿ ಅದಕ್ಕೆ ಸ್ಥಾನವಿತ್ತು. ಮೊದಲ ಮಹಾಯುದ್ಧದವರೆಗೆ ಮೈಸೂರಿನ ಗಂಧದ ಮರದ ಬಹುಪಾಲು ಹರಾಜಾಗಿ ಹಡಗೇರಿ, ಜರ್ಮನಿಯಂಥ ದೇಶಗಳಲ್ಲಿ ಬಟ್ಟಿಯಿಳಿಯುತ್ತಿತ್ತು. 1914ರಲ್ಲಿ ಯುದ್ಧ ಆರಂಭವಾಗಿ ಆ ಮಾರುಕಟ್ಟೆ ಮುಚ್ಚಿತು, ಮರ ಕೋಠಿಗಳಲ್ಲೇ ಉಳಿಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ. ಕೈಗಾರಿಕಾ ಇಲಾಖೆಯ ಆಲ್ಫ್ರೆಡ್ ಚಾಟರ್ಟನ್ ಅವರ ಪ್ರಯತ್ನ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಹಾಗೂ ವಾಟ್ಸನ್ ಅವರ ಪ್ರಯೋಗಗಳ ಫಲವಾಗಿ 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಬಟ್ಟಿಯಿಳಿಸುವ ಕಾರ್ಖಾನೆಗಳು ಆರಂಭವಾದವು.

ಲಂಡನ್ನಿನ ಕೊಳ್ಳುವವನು ಮೈಸೂರಿನ ಹೊಸ ಎಣ್ಣೆಯನ್ನು ನಂಬುವುದು ಹೇಗೆ? ಪರಿಮಳವನ್ನು ಕಾಗದದ ಮೇಲೆ ಬರೆದು ಕಳಿಸಲಾಗದು. ಕೋನವನ್ನು ಬರೆದು ಕಳಿಸಬಹುದು. ಅಪ್ಪಟ ಗಂಧದೆಣ್ಣೆ 10 ಸೆಂ.ಮೀ. ಉದ್ದದ ಕೊಳವೆಯಲ್ಲಿ ಬೆಳಕಿನ ಸಮತಲವನ್ನು ಸಾಮಾನ್ಯವಾಗಿ 15ರಿಂದ 20 ಡಿಗ್ರಿಯಷ್ಟು ಎಡಕ್ಕೆ ತಿರುಗಿಸುತ್ತದೆ. ಗಂಧದ ಹೆಸರಿನಲ್ಲೇ ಮಾರಾಟವಾಗುತ್ತಿದ್ದ ವೆಸ್ಟ್ ಇಂಡೀಸಿನ ಎಣ್ಣೆ ಬೇರೆಯೇ ಮರದ್ದು, ಅದು ಬಲಕ್ಕೆ ತಿರುಗಿಸುತ್ತದೆ. ಉಪಕರಣದೊಳಗೆ ಇಣುಕಿದ ಯಾರಿಗೇ ಆಗಲಿ, ಅವರು ಮೈಸೂರನ್ನು ಕಂಡಿರಲಿ ಬಿಡಲಿ, ಇವೆರಡರ ವ್ಯತ್ಯಾಸ ಕ್ಷಣದಲ್ಲಿ ತಿಳಿಯುತ್ತದೆ.

ಹಾಗೆಂದು ಕೋನವೊಂದನ್ನೇ ನಂಬಿದರೆ ಜಾಣನಾದ ಮೋಸಗಾರ ಗೆಲ್ಲುತ್ತಾನೆ. ಬಲಕ್ಕೆ ತಿರುಗಿಸುವ ಎಣ್ಣೆಯೊಂದಕ್ಕೆ, ಎಡಕ್ಕೆ ಗಂಧಕ್ಕಿಂತ ಹೆಚ್ಚು ತಿರುಗಿಸುವ ವರ್ಜೀನಿಯದ ಸೀಡರ್ ಎಣ್ಣೆಯನ್ನು ಹದವಾಗಿ ಬೆರೆಸಿದರೆ ಕೋನ ಸರಿಹೋದೀತು. ಆದ್ದರಿಂದಲೇ ಕೋನದ ಜೊತೆಗೆ ಸಾಂದ್ರತೆ, ವಕ್ರೀಭವನ ಸೂಚ್ಯಂಕ, 70 ಪ್ರತಿಶತ ಮದ್ಯಸಾರದಲ್ಲಿ ಕರಗುವ ಪ್ರಮಾಣ ಇವುಗಳನ್ನೆಲ್ಲ ಒಟ್ಟಿಗೆ ನೋಡುವ ಪದ್ಧತಿ ನೆಲೆಗೊಂಡಿತು. ಸೀಡರ್ ಎಣ್ಣೆಯಾಗಲಿ ಹರಳೆಣ್ಣೆಯಾಗಲಿ ಅಂಥ ತೆಳು ಮದ್ಯಸಾರದಲ್ಲಿ ಗಂಧದೆಣ್ಣೆಯಂತೆ ಕರಗುವುದಿಲ್ಲ. ಒಂದು ಸಾಕ್ಷಿಯನ್ನು ಒಲಿಸಿಕೊಳ್ಳಬಹುದು, ನಾಲ್ವರನ್ನು ಒಟ್ಟಿಗೆ ಒಲಿಸಿಕೊಳ್ಳುವುದು ಕಷ್ಟ ಎಂಬ ನ್ಯಾಯಾಲಯದ ಅನುಭವ ಇಲ್ಲಿಗೂ ಅನ್ವಯಿಸಿತು.

ಬೆಳಕಿನ ಇನ್ನೊಂದು ಉಪಯೋಗವನ್ನೂ ಇಲ್ಲಿಯೇ ಹೇಳಬೇಕು. ಅತಿನೇರಳೆ ದೀಪದಡಿ ಕೆಲವು ಮೂಲಿಕೆಗಳು ತಮ್ಮದೇ ಬಣ್ಣದಲ್ಲಿ ಹೊಳೆಯುತ್ತವೆ. ಔಷಧಯೋಗ್ಯ ರೇವಲಚಿನ್ನಿಯನ್ನೂ ಅದರ ಜಾಗದಲ್ಲಿ ಸೇರಿಕೊಳ್ಳುವ ಅಗ್ಗದ ತಳಿಯನ್ನೂ ಬರಿಗಣ್ಣಿನಿಂದ ಬೇರ್ಪಡಿಸುವುದು ಕಷ್ಟ. ದೀಪದಡಿ ಅಗ್ಗದ್ದು ನೀಲಿಯಾಗಿ ಹೊಳೆದು ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ.

ಕಾನೂನು ಮತ್ತು ಅದರ ಮಿತಿ

ಭಾರತದಲ್ಲಿ ಈ ಪರೀಕ್ಷೆಗಳಿಗೆ ಕಾನೂನಿನ ಬಲ ಬರಲು ಬಹುಕಾಲ ಹಿಡಿಯಿತು. 1930ರಲ್ಲಿ ಕರ್ನಲ್ ರಾಮನಾಥ ಚೋಪ್ರ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಔಷಧ ವಿಚಾರಣಾ ಸಮಿತಿ ಮರುವರ್ಷ ವರದಿ ಕೊಟ್ಟಿತು. ಕಲಬೆರಕೆಯ, ಸತ್ವಹೀನ ಔಷಧಗಳು ದೇಶದಲ್ಲಿ ಎಷ್ಟು ವ್ಯಾಪಕವಾಗಿವೆ ಎಂಬುದನ್ನು ಅದು ಬಯಲು ಮಾಡಿತು. 1937ರಲ್ಲಿ ಕಲ್ಕತ್ತೆಯಲ್ಲಿ ಔಷಧಗಳ ಪ್ರಮಾಣೀಕರಣಕ್ಕೆ ಕೇಂದ್ರ ಪ್ರಯೋಗಾಲಯವೊಂದು ಆರಂಭವಾಯಿತು, 1940ರಲ್ಲಿ ಔಷಧ ಕಾಯಿದೆ ಬಂದಿತು. ಆಯುರ್ವೇದ ಮತ್ತು ಯುನಾನಿ ಔಷಧಗಳು ಈ ಕಾಯಿದೆಯ ವ್ಯಾಪ್ತಿಗೆ ಬಂದುದು 1964ರ ತಿದ್ದುಪಡಿಯಿಂದ. ಇಂದು ಭಾರತೀಯ ಆಯುರ್ವೇದ ಫಾರ್ಮಕೋಪಿಯದಲ್ಲಿ ಯಾವ ಮೂಲಿಕೆಯ ಪುಟವನ್ನು ತೆರೆದರೂ ಅದೇ ಕ್ರಮ ಕಾಣುತ್ತದೆ: ಮೊದಲು ಕಣ್ಣಿಗೆ ಕಾಣುವ ಲಕ್ಷಣಗಳು, ಬಳಿಕ ಸೂಕ್ಷ್ಮದರ್ಶಕದ ಲಕ್ಷಣಗಳು, ಆಮೇಲೆ ಅನ್ಯವಸ್ತು, ಒಟ್ಟು ಬೂದಿ, ಆಮ್ಲದಲ್ಲಿ ಕರಗದ ಬೂದಿ, ಮದ್ಯಸಾರದಲ್ಲಿ ಮತ್ತು ನೀರಿನಲ್ಲಿ ಕರಗುವ ಸಾರ. ನಾವು ಮೇಲೆ ನಡೆದುಬಂದ ಎರಡು ಶತಮಾನಗಳು ಆ ಒಂದು ಪುಟದಲ್ಲಿ ಒಂದರ ಕೆಳಗೊಂದು ಸಾಲಾಗಿ ನಿಂತಿವೆ.

ಆ ಕ್ರಮಕ್ಕೆ ಅರ್ಥವಿದೆ. ಮೇಲಿನ ಸಾಲನ್ನು ಬಿಟ್ಟು ಕೆಳಗಿನ ಸಾಲನ್ನು ಮಾತ್ರ ನೋಡಿದರೆ ಏನಾಗಬಹುದೆಂಬುದಕ್ಕೆ ಬೆಲ್ಜಿಯಂ ಸಾಕ್ಷಿ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸಿನಲ್ಲಿ ತೂಕ ಇಳಿಸುವ ಚಿಕಿತ್ಸೆ ಪಡೆದ ಮಹಿಳೆಯರ ಮೂತ್ರಪಿಂಡಗಳು ಒಬ್ಬರ ಹಿಂದೊಬ್ಬರಂತೆ ವಿಫಲವಾಗತೊಡಗಿದವು. 1993ರಲ್ಲಿ ವೈದ್ಯರು ಇದನ್ನು ಪ್ರಕಟಿಸಿದರು. ಬಾಧಿತರ ಸಂಖ್ಯೆ ಕೊನೆಗೆ ನೂರನ್ನು ಮೀರಿತು. ಆ ಚಿಕಿತ್ಸೆಯ ಪುಡಿಗಳಲ್ಲಿ ಸ್ಟೆಫಾನಿಯ ಎಂಬ ಚೀನೀ ಬೇರು ಇರಬೇಕಾಗಿತ್ತು. ಅದರ ಬದಲು ಸೇರಿದ್ದು ಅರಿಸ್ಟೋಲೋಕಿಯ, ನಮ್ಮ ಕಡೆಯ ಈಶ್ವರಿ ಬಳ್ಳಿಯ ಕುಲದ ಒಂದು ಬೇರು. ಚೀನೀ ಭಾಷೆಯಲ್ಲಿ ಎರಡರ ಹೆಸರಿನಲ್ಲೂ ಫಾಂಗ್ ಜಿ ಎಂಬ ಪದವಿದೆ. ಅಂಗೊಸ್ತುರದ ಪ್ರಕರಣ ನಡೆದು ಸುಮಾರು ಎರಡು ಶತಮಾನ ಕಳೆದಿತ್ತು. ಪ್ರಯೋಗಾಲಯಗಳಿಗೆ ಕೊರತೆಯಿರಲಿಲ್ಲ. ದೂರದ ಬೇರು, ಹೋಲುವ ಹೆಸರು, ಪುಡಿಯಾದ ರೂಪ, ಮರವನ್ನು ನೋಡದ ಕೈಗಳು: ಎಲ್ಲವೂ ಹಾಗೆಯೇ ಇದ್ದವು.

ಬೂದಿಯ ತೂಕವಾಗಲಿ ತೇವಾಂಶವಾಗಲಿ ಇಂಥಲ್ಲಿ ಕಾಪಾಡಲಾರದು. ಸ್ವಚ್ಛವಾಗಿ ತೊಳೆದು ಒಣಗಿಸಿದ ವಿಷದ ಬೇರಿಗೂ ಬೂದಿ ಕಡಿಮೆಯೇ ಇರುತ್ತದೆ. ಸಂಖ್ಯೆಗಳು ಒಂದು ವಸ್ತು ಎಷ್ಟು ಶುದ್ಧವೆಂದು ಹೇಳುತ್ತವೆ. ಅದು ಯಾವ ವಸ್ತುವೆಂಬ ಪ್ರಶ್ನೆಯನ್ನು ಅವುಗಳಿಗೆ ಮೊದಲೇ ಬೇರೊಬ್ಬರು ಉತ್ತರಿಸಿ ಕೊಟ್ಟಿರಬೇಕು. ಆ ಉತ್ತರ ಬರುವುದು ಗಿಡವನ್ನು ನೆಲದಲ್ಲಿ ನಿಂತಂತೆ ನೋಡಿದ ಕಣ್ಣಿನಿಂದ, ಅದಕ್ಕೆ ನಾಲ್ಕೂರಿನ ನಾಲ್ಕು ಹೆಸರುಗಳಿವೆ ಎಂದು ಬಲ್ಲವರಿಂದ, ಪುಡಿಯಾಗುವ ಮುನ್ನ ಬೇರನ್ನು ಮುರಿದು ನೋಡಿದ ಕೈಯಿಂದ. ಚರಕಸಂಹಿತೆ ನೆನೆದ ಆಡು ಕಾಯುವವನ ಅರಿವು ಪೂರ್ಣವಲ್ಲದಿರಬಹುದು, ಆದರೆ ಅದಿಲ್ಲದೆ ಪ್ರಯೋಗಾಲಯದ ಅರಿವು ಆರಂಭವೇ ಆಗುವುದಿಲ್ಲ.

ಖಾರಿ ಬಾವಲಿಯ ವ್ಯಾಪಾರಿ ಕಡ್ಡಿಯನ್ನು ಮುರಿದು ತೋರಿಸುವಾಗ ನಾವು ಬೆಲೆಯ ಕಡೆಗೇ ಗಮನವಿಟ್ಟಿರುತ್ತೇವೆ. ಇನ್ನು ಮುಂದಾದರೂ ಆ ಅಂಚನ್ನು ಸ್ವಲ್ಪ ಹೊತ್ತು ನೋಡುವುದು ಒಳ್ಳೆಯದು. ಬ್ರಾಹ್ಮಿ ಕೇಳುವಾಗ ಯಾವ ಬ್ರಾಹ್ಮಿ ಎಂದು ಹೇಳಿ, ಎಲೆಯನ್ನು ಬಿಡಿಸಿ ನೋಡಿ, ಪುಡಿಗಿಂತ ಇಡೀ ಮೂಲಿಕೆಯನ್ನೇ ಕೊಳ್ಳುವುದು ಇನ್ನೂ ಒಳ್ಳೆಯದು. ಮಿಕ್ಕ ಪರೀಕ್ಷೆಗಳಿಗೆ ಪ್ರಯೋಗಾಲಯ ಬೇಕು. ಈ ಮೊದಲ ಪರೀಕ್ಷೆ ಇಂದಿಗೂ ನಮ್ಮ ಕೈಯಲ್ಲೇ ಇದೆ.